ಟರ್ಬೊ ಇಲ್ಲದ ಕೇಮನ್, ಟರ್ಬೊ ಇರುವ ಕೇಮನ್: ಎರಡು ದಿನ, ಒಂದೇ ಘಾಟಿ

ಸ್ಟುಟ್‌ಗಾರ್ಟ್‌ನಲ್ಲಿ ನಾನು ಕೆಲಸಕ್ಕೆ ಹೋಗುವ ರೈಲು ದಿನವೂ ಪೋರ್ಷೆ ಕಾರ್ಖಾನೆಯ ಪಕ್ಕದಲ್ಲೇ ಹಾದು ಹೋಗುತ್ತದೆ. ಅಲ್ಲಿನ ಸ್ಟೇಷನ್ನಿನ ಹೆಸರಿನಲ್ಲೇ 'ಪೋರ್ಷೆಪ್ಲಾಟ್ಸ್' ಅಂತ ಇದೆ. ಐದು ವರ್ಷ ಕಿಟಕಿಯಿಂದ ನೋಡಿದ್ದಾಯಿತು. ಈ ಸೆಪ್ಟೆಂಬರ್‌ನಲ್ಲಿ ಎರಡು ದಿನ ರಜೆ ಹಾಕಿ, ಪೋರ್ಷೆಯ ಎರಡು ಕೇಮನ್ ಎಸ್ ಕಾರು ಬಾಡಿಗೆಗೆ ತೆಗೆದುಕೊಂಡೆ. ಮೊದಲ ದಿನ 2014ರದು, 981 ಅನ್ನುವ ಹಳೆಯ ಪೀಳಿಗೆ. ಮರುದಿನ 2017ರದು, ಅದರ ನಂತರದ 718. ಎರಡೂ ಆರು ಗೇರಿನ ಮ್ಯಾನುಯಲ್. ರಸ್ತೆಯೂ ಒಂದೇ. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಷ್ಟಾಟ್ ತನಕ ಬ್ಲ್ಯಾಕ್ ಫಾರೆಸ್ಟ್‌ನ ನೆತ್ತಿಯ ಮೇಲೆ ಸಾಗುವ ಬಿ 500. ಪಕ್ಕದ ಸೀಟಿನಲ್ಲಿ ಹೆಂಡತಿ. ಅರ್ಧ ದಾರಿ ಅವಳೇ ಓಡಿಸಿದಳು.

ಈ ಜೋಡಿಯನ್ನೇ ಆರಿಸಲು ಕಾರಣ ಇದೆ. ಇಬ್ಬರು ಕೂರುವ ಕಾರು, ಬೆನ್ನ ಹಿಂದೆಯೇ ಎಂಜಿನ್, ಹೆಚ್ಚುಕಮ್ಮಿ ಅದೇ ರೂಪ. ಬದಲಾದದ್ದು ಮುಖ್ಯವಾಗಿ ಎಂಜಿನ್. 981ರಲ್ಲಿ 3.4 ಲೀಟರಿನ ಆರು ಸಿಲಿಂಡರ್, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. 325 ಹಾರ್ಸ್‌ಪವರ್ ಸಿಗುವುದು 7,400 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿದಾಗ. 370 ಎನ್‌ಎಂ ಟಾರ್ಕ್ (ಎಳೆತದ ಬಲ) ಸಿಗಲು 4,500 ದಾಟಬೇಕು. 2016ರಲ್ಲಿ ಬಂದ 718ರಲ್ಲಿ 2.5 ಲೀಟರಿನ ನಾಲ್ಕು ಸಿಲಿಂಡರ್, ಜೊತೆಗೊಂದು ಟರ್ಬೊ. 350 ಹಾರ್ಸ್‌ಪವರ್, 420 ಎನ್‌ಎಂ. ಆ ಟಾರ್ಕ್ ಪೂರ್ತಿ 1,900ರಲ್ಲೇ ಕೈಗೆ ಬರುತ್ತದೆ. ಸೊನ್ನೆಯಿಂದ ನೂರಕ್ಕೆ ಹಳೆಯದು 5 ಸೆಕೆಂಡ್, ಹೊಸದು 4.6. ಕಾಗದದಲ್ಲಿ ನೋಡಿದರೆ ಟರ್ಬೊ ಎಲ್ಲದರಲ್ಲೂ ಮುಂದೆ.

981ರಲ್ಲಿ ಹೊರಟಾಗ ಮೊದಲಿಗೆ ನಿರಾಸೆಯೇ ಆಯಿತು. ಮೂರನೇ ಗೇರಿನಲ್ಲಿ, 2,500 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರು ಮುಂದೆ ಹೋಗುತ್ತದೆ, ಅಷ್ಟೇ. ಬೆನ್ನು ಸೀಟಿಗೆ ಒತ್ತುವುದಿಲ್ಲ. ಈ ಕಾರಿನ ಗೇರ್‌ಗಳು ತುಂಬಾ ಉದ್ದ. ಎರಡನೇ ಗೇರಿನಲ್ಲೇ 120 ದಾಟಿಬಿಡುತ್ತದೆ. ಜರ್ಮನಿಯಲ್ಲಿ ಊರ ಹೊರಗಿನ ರಸ್ತೆಗೆ 100ರ ಮಿತಿ. ಬಿ 500ರಲ್ಲಿ ಹಲವೆಡೆ 70. ಎರಡನೇ ಗೇರಿನಲ್ಲಿ 70ಕ್ಕೆ ಎಂಜಿನ್ ಇರುವುದು 4,000 ಚಿಲ್ಲರೆಯಲ್ಲಿ. ಅಂದರೆ ಅದರ ಒಳ್ಳೆಯ ಭಾಗ ಶುರುವಾಗುವ ಹೊತ್ತಿಗೆ ರಸ್ತೆಯ ಮಿತಿ ಮುಗಿದಿರುತ್ತದೆ. ಎನ್‌ಎ, ಅಂದರೆ ಟರ್ಬೊ ಇಲ್ಲದ ಎಂಜಿನ್ ಹೊಗಳುವ ಎಷ್ಟೋ ಬರಹ ಓದಿದ್ದೇನೆ. ಈ ಮಾತನ್ನು ಅವರು ಹೇಳಬೇಕಿತ್ತು.

ಮಾರನೇ ದಿನ 718ರಲ್ಲಿ ಅದೇ ಏರು. ಮೂರನೇ ಗೇರು, 2,500 ಆರ್‌ಪಿಎಂ. ಒತ್ತಿದೆ. ಅರೆಗಳಿಗೆ ಏನೂ ಆಗಲಿಲ್ಲ. ಆಮೇಲೆ ಎಳೆಯಿತು ನೋಡಿ, ನಿಜಕ್ಕೂ ಜೋರು. ಹಾಲಿನ ಟ್ಯಾಂಕರ್ ಒಂದನ್ನು ಗೇರ್ ಇಳಿಸದೆಯೇ ದಾಟಿದೆವು. ಹೆಂಡತಿ ಸ್ಟೇರಿಂಗ್ ಹಿಡಿದಾಗ ಹೇಳಿದ್ದೂ ಅದನ್ನೇ: "ರೀ, ಇದು ಚೆನ್ನಾಗಿದೆ ಕಣ್ರೀ. ಗೇರ್ ಮುಟ್ಟೋದೇ ಬೇಡ." ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡು ಬೆಳೆದ ನಮಗೆ ಈ ಗುಣದ ಬೆಲೆ ಗೊತ್ತು. ಜಾಗ ಕಂಡ ಕೂಡಲೇ ನುಗ್ಗುವ ಕಾರು ಬೇಕು, ಅಲ್ವಾ?

ಆ ಅರೆಗಳಿಗೆಯ ಮೌನವೂ ಹಳೇ ಪರಿಚಯವೇ. ಹಾಸನದಲ್ಲಿ ಅಪ್ಪನ ಹತ್ತಿರ ಒಂದು ಸಣ್ಣ ಡೀಸೆಲ್ ಕಾರಿತ್ತು. 2,000 ದಾಟುವ ತನಕ ಸುಮ್ನಿರುತ್ತಿತ್ತು, ಆಮೇಲೆ ಒಮ್ಮೆಲೇ ಓಡುತ್ತಿತ್ತು. ಟರ್ಬೊ ತಿರುಗಿಸುವುದು ಎಂಜಿನ್ನಿನಿಂದ ಹೊರಬರುವ ಹೊಗೆ. ಹೊಗೆ ಜಾಸ್ತಿ ಬರಬೇಕಾದರೆ ಮೊದಲು ಪೆಟ್ರೋಲ್ ಜಾಸ್ತಿ ಉರಿಯಬೇಕು. ಆ ಹೊಗೆ ಚಕ್ರ ತಿರುಗಿಸಿ, ಚಕ್ರ ಗಾಳಿಯನ್ನು ಒತ್ತಿ ಒಳಗೆ ತಳ್ಳಬೇಕು. ಈ ಒಂದು ಸುತ್ತು ಮುಗಿಯಲು ಹಿಡಿಯುವ ಹೊತ್ತೇ ಲ್ಯಾಗ್. 718 ಎಸ್‌ನಲ್ಲಿ ಅದನ್ನು ತಗ್ಗಿಸಲು ಟರ್ಬೊ ಒಳಗೆ ಅಲುಗಾಡುವ ಪುಟ್ಟ ರೆಕ್ಕೆಗಳಿವೆ. ಹೊಗೆ ಕಮ್ಮಿ ಇದ್ದಾಗ ದಾರಿ ಕಿರಿದು ಮಾಡಿ ರಭಸ ಹೆಚ್ಚಿಸುತ್ತವೆ. ಡೀಸೆಲ್ ಕಾರುಗಳಲ್ಲಿ ಇದು ಮಾಮೂಲು. ಪೆಟ್ರೋಲ್ ಹೊಗೆಯ ಬಿಸಿ ಅದಕ್ಕಿಂತ ತುಂಬಾ ಜಾಸ್ತಿ, ಅದನ್ನು ತಡೆಯುವ ರೆಕ್ಕೆ ಮಾಡುವುದು ದುಬಾರಿ. ಇಷ್ಟೆಲ್ಲ ಮಾಡಿದ ಮೇಲೂ ಸ್ವಲ್ಪ ಲ್ಯಾಗ್ ಉಳಿದಿದೆ. ನೇರ ರಸ್ತೆಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಲೆಕ್ಕಕ್ಕೆ ಬರುವುದು ತಿರುವಿನಲ್ಲಿ. ಉಂಟರ್ಸ್ಟ್‌ಮಾಟ್ ದಾಟಿ ಮುಮ್ಮೆಲ್‌ಸೇ ಕೆರೆಯ ಕಡೆಗೆ ಹೋಗುವಾಗ ಬಲಕ್ಕೆ ಒಂದು ಉದ್ದನೆಯ ತಿರುವು ಇದೆ. ಅದೇ ತಿರುವನ್ನು ಎರಡೂ ದಿನ ಎರಡೆರಡು ಸಲ ಹೊಕ್ಕೆ. 981ರಲ್ಲಿ ಕಾಲನ್ನು ಒಂದು ಕೂದಲೆಳೆ ಒತ್ತಿದರೆ ಕೂದಲೆಳೆಯಷ್ಟೇ ಶಕ್ತಿ ಬರುತ್ತದೆ. ಸಡಿಲಿಸಿದರೆ ಅಷ್ಟೇ ಇಳಿಯುತ್ತದೆ, ಮೂಗು ಮೆಲ್ಲಗೆ ಒಳಕ್ಕೆ ತಿರುಗುತ್ತದೆ. ಸ್ಟೇರಿಂಗ್ ಅಲುಗಿಸದೆ ಬರೀ ಕಾಲಿನಿಂದಲೇ ಕಾರನ್ನು ಗೆರೆಯ ಮೇಲೆ ಇಟ್ಟೆ. ಆ ಕೆಲವು ಸೆಕೆಂಡು ನಾನೂ ಕಾರೂ ಒಂದೇ ಆಗಿದ್ದೆವು. 718ರಲ್ಲಿ ನಾನು ಒತ್ತಿದ್ದಕ್ಕೆ ಉತ್ತರ ತುಸು ತಡವಾಗಿ, ತುಸು ಜಾಸ್ತಿಯಾಗಿ ಬಂತು. ಅದಕ್ಕೆ ಮುಂಚೆಯೇ ಊಹಿಸಿ ಒತ್ತಬೇಕು. ಎರಡನೇ ಸಲ ಕಲಿತೆ. ಆದರೂ ಅದು ಲೆಕ್ಕಾಚಾರ ಆಯಿತು, ಮಾತುಕತೆ ಆಗಲಿಲ್ಲ. ನ್ಯಾಯವಾಗಿ ಹೇಳಬೇಕು: 718ರ ಸ್ಟೇರಿಂಗ್ ಹಳೆಯದಕ್ಕಿಂತ ಚುರುಕು, ಬ್ರೇಕ್ ಇನ್ನೂ ಗಟ್ಟಿ. ಎಂಜಿನ್ ಬಿಟ್ಟು ಮಿಕ್ಕಿದ್ದರಲ್ಲಿ ಅದು ಮೇಲಿನ ಕಾರು.

ಮುಮ್ಮೆಲ್‌ಸೇ ಇರುವುದು ಸಾವಿರ ಮೀಟರಿಗಿಂತ ಸ್ವಲ್ಪ ಎತ್ತರದಲ್ಲಿ. ಅಷ್ಟು ಮೇಲೆ ಗಾಳಿ ಸುಮಾರು ಹತ್ತನೇ ಒಂದು ಭಾಗ ತೆಳು. ಎನ್‌ಎ ಎಂಜಿನ್‌ನ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಕುಗ್ಗುತ್ತದೆ. ಟರ್ಬೊ ಇನ್ನಷ್ಟು ಒತ್ತಿ ಆ ಕೊರತೆ ತುಂಬಿಕೊಳ್ಳುತ್ತದೆ. ಘಾಟಿಗೆ ಟರ್ಬೊ ಒಳ್ಳೆಯದು ಅನ್ನುವುದಕ್ಕೆ ಇದೂ ಒಂದು ಕಾರಣ.

ಶಬ್ದದ ವಿಷಯದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಮೊದಲ ದಿನ ವಾಪಸ್ ಬರುವಾಗ ಎ 81 ಹೆದ್ದಾರಿಯಲ್ಲಿ ವೇಗದ ಮಿತಿ ಇಲ್ಲದ ಒಂದು ಕಡೆ 981ನ್ನು 7,800ರ ಕೆಂಪು ಗೆರೆ ತನಕ ಕೊಂಡೊಯ್ದೆ. 5,000ದಲ್ಲಿ ದಪ್ಪಗಿದ್ದ ದನಿ ತೆಳುವಾಗುತ್ತಾ, ಚೂಪಾಗುತ್ತಾ, ಕೊನೆಗೆ ಕೂಗಾಯಿತು. ಮೈಮೇಲೆ ಮುಳ್ಳೆದ್ದವು. ಅಡ್ಡಡ್ಡ ಮಲಗಿದ ಆರು ಸಿಲಿಂಡರ್‌ಗಳು ಒಂದರ ನಡುಕವನ್ನು ಇನ್ನೊಂದು ಪೂರ್ತಿ ನುಂಗಿಕೊಳ್ಳುತ್ತವೆ. ಅದಕ್ಕೇ ಅಷ್ಟು ನಯ. ನಾಲ್ಕರಲ್ಲಿ ಸ್ವಲ್ಪ ನಡುಕ ಉಳಿಯುತ್ತದೆ. 718 ಸಿಗ್ನಲ್‌ನಲ್ಲಿ ನಿಂತಾಗ ಗಡಗಡ ಅನ್ನುತ್ತದೆ. ಆರ್‌ಪಿಎಂ ಮೇಲೆ ಹೋದಂತೆ ಜೋರಾಗುತ್ತದೆ, ಆದರೆ ದನಿ ಬದಲಾಗುವುದಿಲ್ಲ.

ಇಷ್ಟು ಒಳ್ಳೆಯ ಎಂಜಿನ್ ಬಿಟ್ಟದ್ದೇಕೆ? ಹೊಗೆಯ ನಿಯಮ. ಯುರೋಪ್ ಒಕ್ಕೂಟ 2015ಕ್ಕೆ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡನ್ನು ಕಿಲೋಮೀಟರಿಗೆ 130 ಗ್ರಾಂಗೆ ಇಳಿಸಬೇಕು ಎಂದಿತ್ತು. ಮುಂದಿನ ಗುರಿ 95. ಆಗಿನ ಪರೀಕ್ಷೆಯಲ್ಲಿ ಕಾರನ್ನು ತುಂಬಾ ಮೆತ್ತಗೆ ಓಡಿಸುತ್ತಿದ್ದರು. ಅಲ್ಲಿ ಸಣ್ಣ ಟರ್ಬೊ ಎಂಜಿನ್ ಕಮ್ಮಿ ಕುಡಿಯುತ್ತದೆ. ಪೋರ್ಷೆಯದೇ 911 ಕರೇರಾ 2015ರಲ್ಲೇ ಟರ್ಬೊಗೆ ಹೋಗಿತ್ತು. ಅದೇ ವರ್ಷ ಫೆರಾರಿಯ 458ರ ಜಾಗಕ್ಕೆ ಟರ್ಬೊ ಇರುವ 488 ಬಂತು. ಆದರೆ ನಾನು ಓಡಿಸಿದ ಹಾಗೆ ಓಡಿಸಿದರೆ ಎರಡೂ ಕೇಮನ್‌ಗಳು 100 ಕಿಲೋಮೀಟರಿಗೆ ಸುಮಾರು 12 ಲೀಟರ್ ಕುಡಿದವು. ಮೈಲೇಜ್‌ಗಾಗಿ ಟರ್ಬೊ ತೆಗೆದುಕೊಳ್ಳುತ್ತೇನೆ ಅನ್ನುವವರು ತಮ್ಮ ಕಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪೋರ್ಷೆಯೇ ಒಂದು ಹೆಜ್ಜೆ ಹಿಂದೆ ಇಟ್ಟಿತು. 2020ರಲ್ಲಿ 718ರ ಜಿಟಿಎಸ್ ಮಾದರಿಗೆ 4 ಲೀಟರಿನ, ಟರ್ಬೊ ಇಲ್ಲದ ಆರು ಸಿಲಿಂಡರ್ ವಾಪಸ್ ಬಂತು. ನಿಧಾನ ಹೋಗುವಾಗ ಅದು ಒಂದು ಕಡೆಯ ಮೂರು ಸಿಲಿಂಡರ್ ನಿಲ್ಲಿಸಿ ಪೆಟ್ರೋಲ್ ಉಳಿಸುತ್ತದೆ. ಹೊಸ ಸ್ಟೇರಿಂಗ್, ಹಳೇ ಬಗೆಯ ಎಂಜಿನ್. ನನ್ನ ಆಸೆಯ ಕಾರು ಅದೇ. ಅದರ ಬೆಲೆ ನಮ್ಮ ಕೈಗೆ ಎಟುಕುವುದಿಲ್ಲ.

ಹೆಂಡತಿಯ ಮತ 718ಕ್ಕೆ. ಸ್ಟುಟ್‌ಗಾರ್ಟ್ ಬಟ್ಟಲಿನಂಥ ಊರು. ದಿನಾ ಟ್ರಾಫಿಕ್‌ನಲ್ಲಿ ಏರು ಹತ್ತಿ ಆಫೀಸಿಗೆ ಹೋಗುವವಳು ಅವಳು. ಆ ಕೆಲಸಕ್ಕೆ ಅವಳ ಆಯ್ಕೆಯೇ ಸರಿ. ನಾನು ಹುಡುಕುತ್ತಿರುವುದು 2013ರಿಂದ 2016ರ ಒಳಗಿನ ಒಂದು 981 ಎಸ್, ಮ್ಯಾನುಯಲ್. ತಿಂಗಳಿಗೆ ಎರಡು ಭಾನುವಾರ, ಬೆಳಿಗ್ಗೆ ಆರಕ್ಕೆ, ಆ ಬಲ ತಿರುವಿಗಾಗಿ.