‘ಮೆಟಬಾಲಿಕ್ ಏಜ್ 8 ವರ್ಷ ಇಳೀತು’ ಅಂತ ಚೀಟಿ ಕೊಟ್ಟರೆ ಮೊದಲು ಆ ಚೀಟಿಯ ಮೂಲೆ ನೋಡಿ

ತೂಕ ಇಳಿಸೋ ಸೆಂಟರಿಗೆ ದುಡ್ಡು ಕಟ್ಟೋಕೆ ಹೊರಟಿದ್ದರೆ ಐದು ನಿಮಿಷ ನಿಲ್ಲಿ. ಇಲ್ಲಿ ಹೋಗಿರೋದು ಅಕ್ಕನ 28,500 ರೂಪಾಯಿ. 12 ವಾರದ ಪ್ಯಾಕೇಜು, ಪೂರ್ತಿ ಮುಂಗಡ. ಬೋರ್ಡಿನ ಮೇಲೆ ‘ಮೆಟಬಾಲಿಕ್ ಹೆಲ್ತ್’, ಅಂದರೆ ಶುಗರ್, ಬಿಪಿ, ರಕ್ತದ ಕೊಬ್ಬು ಇವುಗಳ ಆರೋಗ್ಯ, ಅಂತ ದಪ್ಪಕ್ಷರದಲ್ಲಿ ಬರೆದಿದ್ದಕ್ಕೇ ಕಟ್ಟಿದ್ದು. ಅವಳಿಗೆ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್, 6.1 ಬಂದಿತ್ತು. 5.7ರಿಂದ 6.4 ಅಂದರೆ ಸಕ್ಕರೆ ಕಾಯಿಲೆಯ ಬಾರ್ಡರ್. ಅದನ್ನು ಇಳಿಸಬೇಕು ಅಂತ ಹೋದಳು, ಸೀರೆ ಚೆನ್ನಾಗಿ ಕೂರಲಿ ಅಂತಲ್ಲ.

ಕೊನೇ ದಿನ, ತೂಕದ ಜೊತೆ ಮೈಯ ಕೊಬ್ಬನ್ನೂ ಅಂದಾಜು ಮಾಡುವ ಮೆಷಿನ್ನಿನಿಂದ ಕೈಗೆ ಚೀಟಿ ಬಂತು. ತೂಕ 71.4ರಿಂದ 65.8. ‘ಮೆಟಬಾಲಿಕ್ ಏಜ್’, ಅಂದರೆ ಮೈ ಎಷ್ಟು ವಯಸ್ಸಿನವರ ಥರ ಇದೆ ಅಂತ ಮೆಷಿನ್ ಹೇಳುವ ಅಂಕಿ, 51ರಿಂದ 43. ಚಪ್ಪಾಳೆ ಹೊಡೆದರು, ಫೋಟೋ ತೆಗೆದರು, ಸ್ಟೇಟಸ್ಸಿಗೆ ಹಾಕಿಕೊಂಡರು. ಅದೇ ವಾರ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಎಚ್‌ಬಿಎ1ಸಿ ಮತ್ತೆ 6.1. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, 214 ಇದ್ದದ್ದು 209. 150ರ ಒಳಗೆ ಇರಬೇಕಾದದ್ದು. ಸೊಂಟ 94 ಸೆಂಟಿಮೀಟರ್ ಇದ್ದದ್ದು 93. ಹನ್ನೆರಡು ವಾರಕ್ಕೆ ಒಂದು ಸೆಂಟಿಮೀಟರ್!

ಆಮೇಲೆ ಮೊದಲ ದಿನದ್ದು, ಕೊನೇ ದಿನದ್ದು ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿದಾಗ ಕಂಡಿದ್ದು ಇದು. ಮೊದಲ ಚೀಟಿಯ ಮೇಲಿನ ಬಲ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಬಾಡಿ ಟೈಪ್: ಸ್ಟ್ಯಾಂಡರ್ಡ್. ಕೊನೇ ಚೀಟಿಯಲ್ಲಿ ಅದೇ ಜಾಗದಲ್ಲಿ, ಬಾಡಿ ಟೈಪ್: ಅಥ್ಲೆಟಿಕ್.

ಅಥ್ಲೆಟಿಕ್! ಈ ಮೆಷಿನ್ನುಗಳಲ್ಲಿ ಆ ಬಟನ್ ಇರೋದು ವಾರಕ್ಕೆ ಹತ್ತು ಗಂಟೆಗೂ ಮೇಲೆ ಕಠಿಣ ವ್ಯಾಯಾಮ ಮಾಡುವ ಕ್ರೀಡಾಪಟುಗಳಿಗೆ. ಅದನ್ನು ಒತ್ತಿದರೆ ಲೆಕ್ಕದ ಸೂತ್ರವೇ ಬೇರೆ. ಅದೇ ಮನುಷ್ಯ, ಅದೇ ನಿಮಿಷ ಹತ್ತಿ ನಿಂತರೂ ಕೊಬ್ಬಿನ ಶೇಕಡಾ ಕಡಿಮೆ ಬರುತ್ತೆ, ‘ವಯಸ್ಸು’ ಇಳಿಯುತ್ತೆ. ಅಕ್ಕ ಅಲ್ಲಿ ಮಾಡಿದ್ದು ದಿನಕ್ಕೆ 20 ನಿಮಿಷ ಸೊಂಟಕ್ಕೆ ನಡುಗೋ ಬೆಲ್ಟ್ ಕಟ್ಟಿಕೊಂಡು ನಿಂತದ್ದು.

ಕೇಳಿದ್ದಕ್ಕೆ ಬಂದ ಉತ್ತರ: ‘ಮೇಡಂ, ಮೂರು ತಿಂಗಳು ವರ್ಕೌಟ್ ಮಾಡಿದಾರಲ್ಲ, ಅದಕ್ಕೇ ಅಥ್ಲೆಟಿಕ್ ಹಾಕಿದ್ವಿ. ಇದು ಫಾರಿನ್ ಮೆಷಿನ್ನು, ಸುಳ್ಳು ಹೇಳಲ್ಲ.’

ತೂಕದ ಲೆಕ್ಕವೂ ಇದೇ ಥರ. ಮೊದಲ ದಿನ ತೂಗಿದ್ದು ಸಂಜೆ ಆರಕ್ಕೆ, ಊಟ, ಕಾಫಿ ಎಲ್ಲ ಆಗಿ, ಮೈತುಂಬ ಬಟ್ಟೆಯಲ್ಲಿ. ಕೊನೇ ದಿನ ಬೆಳಿಗ್ಗೆ ಏಳೂವರೆಗೆ, ಖಾಲಿ ಹೊಟ್ಟೆ, ತೆಳು ಬಟ್ಟೆ, ಅದಕ್ಕೂ ಮುಂಚೆ ‘ಎರಡು ದಿನ ಅನ್ನ ಬೇಡ, ಉಪ್ಪು ಬೇಡ, ಬರೀ ಸೂಪ್’. ಬೆಳಿಗ್ಗೆಗೂ ಸಂಜೆಗೂ ಒಂದೆರಡು ಕೆಜಿ ವ್ಯತ್ಯಾಸ ಯಾರಿಗಾದರೂ ಬರುತ್ತೆ. ಅನ್ನ ಬಿಟ್ಟರೆ ಮೈಯಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗುತ್ತೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತೆ. ‘ಮೊದಲ ವಾರಕ್ಕೇ ಎರಡು ಕೆಜಿ’ ಅಂತಾರಲ್ಲ, ಅದು ಬಹುಪಾಲು ಈ ನೀರು. ಎರಡು ಹೊತ್ತು ಮುದ್ದೆ, ಅನ್ನ ಉಂಡರೆ ವಾಪಸ್. ಮನೆ ತಕ್ಕಡಿಯಲ್ಲಿ, ಬೆಳಗಿನ ಖಾಲಿ ಹೊಟ್ಟೆ ಲೆಕ್ಕದಲ್ಲಿ, ಶುರುವಿಗೆ 69.9 ಇತ್ತು. ಪ್ಯಾಕೇಜ್ ಮುಗಿದು ಮೂರು ದಿನ ಸರಿಯಾಗಿ ಉಂಡ ಮೇಲೆ 67.6. ಇಳಿದಿದ್ದು 2.3 ಕೆಜಿ. ಚೀಟಿಯಲ್ಲಿ 5.6.

ಆ 2.3ರಲ್ಲೂ ಕೊಬ್ಬೆಷ್ಟು, ಮಾಂಸಖಂಡ ಎಷ್ಟು? ಡಯಟ್ ಚಾರ್ಟಿನಲ್ಲಿ ಬೆಳಿಗ್ಗೆ ಪೌಡರ್, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಪೌಡರ್. ಪ್ರೋಟೀನ್ ಎಷ್ಟು ಗ್ರಾಂ ಅಂತ ಎಲ್ಲೂ ಇಲ್ಲ. ಉಂಡ ಮೇಲೆ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಒಳಗೆ ಎಳೆದುಕೊಳ್ಳೋದು ಮಾಂಸಖಂಡ. ಅದನ್ನೇ ಕರಗಿಸಿ ತೂಕ ಇಳಿಸಿದರೆ ಶುಗರ್ ಯಾಕೆ ಇಳಿಯುತ್ತೆ? ಸೊಂಟ ಒಂದೇ ಸೆಂಟಿಮೀಟರ್ ಇಳಿದಿದೆ ಅಂದರೆ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚೇನೂ ಕರಗಿಲ್ಲ. ಅದನ್ನು ಈ ಮೆಷಿನ್ ನೋಡುವುದೂ ಇಲ್ಲ. ಬರಿಗಾಲಲ್ಲಿ ಹತ್ತಿ ನಿಂತಾಗ ಕರೆಂಟ್ ಒಂದು ಕಾಲಿಂದ ಹತ್ತಿ ಇನ್ನೊಂದು ಕಾಲಿಂದ ಇಳಿಯುತ್ತೆ. ‘ವಿಸರಲ್ ಫ್ಯಾಟ್’ ಅಂತ ಬರುವ ಅಂಕಿ ಅಳೆದಿದ್ದಲ್ಲ. ವಯಸ್ಸು, ಎತ್ತರ, ತೂಕ ಸೇರಿಸಿ ಸೂತ್ರ ಕಟ್ಟಿಕೊಟ್ಟಿದ್ದು. ‘ಮೆಟಬಾಲಿಕ್ ಏಜ್’ ಕೂಡ ಹಾಗೇ ಒಂದು ಅಂದಾಜು. ಯಾವ ಡಾಕ್ಟರೂ ಅದನ್ನು ನೋಡಿ ಮಾತ್ರೆ ಬರೆಯೋದಿಲ್ಲ.

ರಕ್ತದ ರಿಪೋರ್ಟ್ ತೋರಿಸಿದಾಗ: ‘ಎಚ್‌ಬಿಎ1ಸಿ ಇಳಿಯೋಕೆ ಆರು ತಿಂಗಳು ಬೇಕು ಮೇಡಂ.’ ಸುಳ್ಳು. ಅದು ಮೂರು ತಿಂಗಳ ಲೆಕ್ಕ, 12 ವಾರಕ್ಕೆ ಬದಲಾವಣೆ ಕಾಣಲೇಬೇಕು. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಈ ಅಂಕಿ ಸುಮ್ಮನೆ ಮೇಲೆ ತೋರಿಸಬಹುದು, ಆದರೆ ಅಕ್ಕನ ಹಿಮೋಗ್ಲೋಬಿನ್ 12.4. ಆ ನೆಪವೂ ಇಲ್ಲ. ಆಮೇಲಿನ ಉತ್ತರ: ‘ರಕ್ತದ ವಿಚಾರ ನಿಮ್ಮ ಡಾಕ್ಟರ್ ಹತ್ರ ಕೇಳಿ, ನಮ್ಮದು ವೇಟ್ ಲಾಸ್ ಅಷ್ಟೇ.’ ಹಾಗಾದರೆ ಬೋರ್ಡಿನ ಮೇಲೆ ಮೆಟಬಾಲಿಕ್ ಹೆಲ್ತ್ ಯಾಕೆ? ಇದಕ್ಕೆ ಉತ್ತರ ಬರಲಿಲ್ಲ. 9,000 ರೂಪಾಯಿಯ ‘ಮೇಂಟೆನೆನ್ಸ್ ಪ್ಯಾಕೇಜ್’ ಕಾಗದ ಮುಂದಿಟ್ಟರು.

ದುಡ್ಡಿಗಿಂತ ಸಿಟ್ಟು ಬರಿಸಿದ್ದು ಭಾವನ ವಿಚಾರ. ಅಕ್ಕನ ಜೊತೆ ಹೋದ ಅವರನ್ನೂ ಅದೇ ಮೆಷಿನ್ ಹತ್ತಿಸಿದರು. ಎತ್ತರ 170, ತೂಕ 61, ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನೋ ಲೆಕ್ಕ) 21. ‘ಸಾರ್ ಸೂಪರ್, ನಿಮಗೇನೂ ಬೇಡ’ ಅಂದರು. ಅವರೂ ನಂಬಿ ವರ್ಷದ ಟೆಸ್ಟ್ ಮುಂದೂಡಿದರು. ಈಗ ಮಾಡಿಸಿದರೆ ಖಾಲಿ ಹೊಟ್ಟೆ ಶುಗರ್ 138, ಎಚ್‌ಬಿಎ1ಸಿ 6.8. 126 ಮತ್ತು 6.5 ಎರಡೂ ಗೆರೆ ದಾಟಿದೆ, ಅಂದರೆ ಸಕ್ಕರೆ ಕಾಯಿಲೆಯೇ. ಕೈಕಾಲು ಕಡ್ಡಿ, ಆದರೆ ಸೊಂಟ 93. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಎಚ್ಚರ. ತೆಳ್ಳಗಿದ್ದೂ ಒಳಗೆ ಕೊಬ್ಬು ತುಂಬಿರೋದು ಭಾರತೀಯರಲ್ಲಿ ಹೊಸದೇನಲ್ಲ. 2004ರಲ್ಲಿ ‘ಲ್ಯಾನ್ಸೆಟ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯಡ್ಕಿನ್ ತಮ್ಮದೇ ಅಂಕಿ ಪ್ರಕಟಿಸಿದರು: ಇಬ್ಬರ ಬಿಎಂಐಯೂ 22.3, ಕೊಬ್ಬು ಮಾತ್ರ ಯಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಆರೋಗ್ಯದ ಹೆಸರಲ್ಲಿ ಅಂಗಡಿ ತೆಗೆದವರಿಗೆ ಇಷ್ಟೂ ಗೊತ್ತಿಲ್ಲವಾ?

ತೂಕ ಇಳಿಸೋದೇ ದಂಡ ಅಂತ ಹೇಳುತ್ತಿಲ್ಲ. ದಪ್ಪಗಿರುವವರು ತಮ್ಮ ತೂಕದ ಶೇ. 5ರಿಂದ 7ರಷ್ಟನ್ನು ನಿಜವಾಗಿ ಇಳಿಸಿದರೂ ಶುಗರ್, ಬಿಪಿ, ಟ್ರೈಗ್ಲಿಸರೈಡ್ ಮೇಲೆ ಪರಿಣಾಮ ಕಾಣುತ್ತೆ. ಆದರೆ ಚೆನ್ನೈನ ಡಾ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾರ್ಡರ್ ಶುಗರ್‌ನವರು ಊಟ ತಿದ್ದಿಕೊಂಡು, ದಿನಾ ಅರ್ಧ ಗಂಟೆ ನಡೆದು ಡಯಾಬಿಟಿಸ್ ಅಪಾಯವನ್ನು ಶೇ. 28.5ರಷ್ಟು ತಗ್ಗಿಸಿಕೊಂಡರು, ಅವರ ತೂಕ ಇಳಿದದ್ದು ಅಷ್ಟಕ್ಕಷ್ಟೇ. ನಡೆಯೋಕೆ 28,500 ಬೇಕಾ?

ಇನ್ನೊಂದು ಅಪಾಯ ಹೇಳಲೇಬೇಕು. ಆ ಸೆಂಟರಿನ ಫಾರಂನಲ್ಲಿ ಮದುವೆ ದಿನಾಂಕಕ್ಕೆ ಕಾಲಂ ಇದೆ, ತೆಗೆದುಕೊಳ್ಳುವ ಮಾತ್ರೆಗೆ ಕಾಲಂ ಇಲ್ಲ. ಶುಗರಿಗೆ ಗ್ಲಿಮಿಪಿರೈಡ್ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ದಿಢೀರ್ ಊಟ ಬಿಟ್ಟರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಅನ್ನ, ರೊಟ್ಟಿ ಪೂರ್ತಿ ಬಿಟ್ಟರೆ ಶುಗರ್ ಅಷ್ಟೇನೂ ಏರದಿದ್ದರೂ ರಕ್ತದಲ್ಲಿ ಆಮ್ಲ ಏರುವ ಕೀಟೋಅಸಿಡೋಸಿಸ್ ಆಗಬಹುದು. ಡಾಕ್ಟರನ್ನು ಕೇಳದೆ ಇಂಥ ಚಾರ್ಟಿಗೆ ಕೈ ಹಾಕಬೇಡಿ.

ಕಟ್ಟಲೇಬೇಕು ಅಂತಿದ್ದರೆ ಮೊದಲ ವಾರವೂ 12ನೇ ವಾರವೂ ಒಂದೇ ಲ್ಯಾಬಿನಲ್ಲಿ ಖಾಲಿ ಹೊಟ್ಟೆ ಶುಗರ್, ಎಚ್‌ಬಿಎ1ಸಿ, ಲಿಪಿಡ್ (ರಕ್ತದ ಕೊಬ್ಬಿನ ಟೆಸ್ಟ್) ಮಾಡಿಸಿ, ಬಿಪಿ ನೋಡಿಸಿ. ಸೊಂಟದ ಅಳತೆ ಪ್ಯಾಂಟಿನ ಸೈಜಲ್ಲ: ಕೊನೇ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯಕ್ಕೆ ಟೇಪ್ ಸುತ್ತಿ, ಉಸಿರು ಸಹಜವಾಗಿ ಬಿಟ್ಟಾಗ ಓದಿ. ಹೊಟ್ಟೆ ಒಳಗೆಳೆಯಬೇಡಿ. ಈ ಅಂಕಿಗಳನ್ನು ರಸೀದಿಯ ಮೇಲೆ ಬರೆಸಿಕೊಡಿ ಅನ್ನಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ರೀಫಂಡ್ ಕೇಳಿದ್ದಕ್ಕೆ ರಸೀದಿ ತಿರುಗಿಸಿ ‘ಹಣ ವಾಪಸ್ ಇಲ್ಲ’ ಅನ್ನೋ ಸಾಲು ತೋರಿಸಿದರು. ಎರಡೂ ಚೀಟಿ, ಎರಡೂ ಲ್ಯಾಬ್ ರಿಪೋರ್ಟ್, ಬೋರ್ಡಿನ ಫೋಟೋ ಜೋಡಿಸಿಟ್ಟು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಮರುದಿನವೇ ಫೋನ್: ‘ಮೇಡಂ, ಮೇಂಟೆನೆನ್ಸ್ ಪ್ಯಾಕೇಜ್ ಫ್ರೀ ಕೊಡ್ತೀವಿ, ದೂರು ವಾಪಸ್ ತಗೊಳ್ಳಿ.’ ತಗೊಂಡಿಲ್ಲ.