ಎರಡು ಚಾಲೆಂಜರ್: 1970ರದ್ದು ಮತ್ತು ನಮ್ಮ ಕಾಲದ್ದು

ಡೆಟ್ರಾಯಿಟ್ ಸುತ್ತಮುತ್ತ ಬೇಸಿಗೆ ಬಂತೆಂದರೆ ವುಡ್‌ವರ್ಡ್ ಅವೆನ್ಯೂ ತುಂಬ ಹಳೇ ಮಸಲ್ ಕಾರುಗಳು (ದೊಡ್ಡ ಎಂಜಿನ್ನಿನ ಅಮೆರಿಕನ್ ವೇಗದ ಕಾರುಗಳು), ಜೊತೆಗೆ ಹಳೆಯದು ಮೇಲೋ ಹೊಸದು ಮೇಲೋ ಎಂಬ ವಾದ. ನನ್ನದು 2019ರ ಡಾಡ್ಜ್ ಚಾಲೆಂಜರ್ ಆರ್/ಟಿ, ಅಂದರೆ ಚಾಲೆಂಜರಿನ ಹೆಚ್ಚು ಶಕ್ತಿಯ ಮಾದರಿ: 5.7 ಲೀಟರಿನ ಹೆಮಿ ಎಂಜಿನ್, 8 ಗೇರಿನ ಆಟೊಮ್ಯಾಟಿಕ್. ಗೆಳೆಯರೊಬ್ಬರ ಹತ್ತಿರ 1970ರ ಆರ್/ಟಿ ಇದೆ: 383 ಕ್ಯೂಬಿಕ್ ಇಂಚಿನ, ಅಂದರೆ 6.3 ಲೀಟರಿನ ವಿ8 (ಎಂಟು ಸಿಲಿಂಡರಿನ ಎಂಜಿನ್), 3 ಗೇರಿನ ಆಟೊಮ್ಯಾಟಿಕ್. ಎರಡನ್ನೂ ಒಂದೇ ರಸ್ತೆಗಳಲ್ಲಿ ಓಡಿಸಿದೆ.

ಕಾಗದದ ಮೇಲೆ ಹಳೆಯದು 335 ಎಚ್‌ಪಿ, ಹೊಸದು 372. ಇಷ್ಟೇನಾ ವ್ಯತ್ಯಾಸ ಅನ್ನಿಸುತ್ತದೆ. ಆದರೆ ಅಳತೆಗೋಲೇ ಬೇರೆ. ಆಗೆಲ್ಲ ಎಂಜಿನ್ನನ್ನು ಬೆಂಚಿನ ಮೇಲಿಟ್ಟು, ಆಲ್ಟರ್ನೇಟರ್, ಸೈಲೆನ್ಸರ್‌ಗಳ ಹೊರೆಯಿಲ್ಲದೆ ಅಳೆಯುತ್ತಿದ್ದರು. ಅದು ‘ಗ್ರಾಸ್’ ಲೆಕ್ಕ. 1972ರಿಂದ ಅವೆಲ್ಲ ಸೇರಿದ ‘ನೆಟ್’ ಲೆಕ್ಕ ಬಂತು. ಹೆದ್ದಾರಿಗೆ ಸೇರುವಾಗ ಇದು ಕಾಲಿಗೇ ಗೊತ್ತಾಗುತ್ತದೆ: 1,900 ಕೆಜಿ ಆಸುಪಾಸಿನ ಹೊಸ ಕಾರು ಸಲೀಸಾಗಿ ನುಗ್ಗುತ್ತದೆ, ಹಳೆಯದು ಅಬ್ಬರಿಸಿಕೊಂಡು ನಿಧಾನಕ್ಕೆ ವೇಗ ಹಿಡಿಯುತ್ತದೆ.

ಬ್ರೇಕಿನ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಗೆಳೆಯರ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್. ಮೊದಲ ಸಲ ಜೋರಾಗಿ ಒತ್ತಿದಾಗ ಚೆನ್ನಾಗಿಯೇ ನಿಂತಿತು. ಮತ್ತೆ ಮತ್ತೆ ಒತ್ತಿದ ಮೇಲೆ ಡ್ರಮ್ ಕಾದು ಪೆಡಲ್ ಆಳಕ್ಕಿಳಿಯಿತು, ಸ್ಟೀರಿಂಗ್ ಎಡಕ್ಕೆ ಎಳೆಯಿತು. ಆಮೇಲೆ ಮುಂದಿನ ಕಾರಿನಿಂದ ಮಾರು ದೂರ ಬಿಟ್ಟೇ ಓಡಿಸಿದೆ.

ಹಾಗಿದ್ದೂ ಹಳೆಯ ಕಾರಿನಿಂದ ಇಳಿಯಲು ಮನಸ್ಸಾಗಲಿಲ್ಲ. ಕಾರಣ ಎಂಜಿನ್ ಅಲ್ಲ, ಕಿಟಕಿ. 1970ರ ಚಾಲೆಂಜರಿಗೆ ಬಾಗಿಲ ಹಿಂದೆ ಛಾವಣಿ ಹಿಡಿಯುವ ನಡುಗಂಬವೇ ಇಲ್ಲ. ಮುಂದಿನ ಗಾಜು ಇಳಿಸಿ, ಹಿಂದಿನ ಚಿಕ್ಕ ಗಾಜನ್ನೂ ಇಳಿಸಿಬಿಟ್ಟರೆ ಇಡೀ ಪಕ್ಕ ಬಯಲು. ಬಾಗಿಲ ಅಂಚು ತಗ್ಗಿನಲ್ಲಿರುವುದರಿಂದ ಮೊಣಕೈ ತಾನಾಗಿ ಅದರ ಮೇಲೆ ಕೂರುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಜಗಲಿಯ ಮೇಲೆ ಕೂತು ಊರು ಸುತ್ತಿದ ಹಾಗಿರುತ್ತದೆ. ಹೊಸದರಲ್ಲಿ ನಡುಗಂಬ ಉಂಟು, ಹಿಂದಿನ ಗಾಜು ಇಳಿಯುವುದಿಲ್ಲ, ಬಾಗಿಲ ಅಂಚು ಭುಜದವರೆಗೆ. ಮೊಣಕೈ ಹೊರಗಿಡಬೇಕೆಂದರೆ ಭುಜ ಎತ್ತಬೇಕು. ಕ್ಯಾಮೆರಾ ಇಲ್ಲದೆ ಹಿಂದಕ್ಕೆ ತೆಗೆಯಲು ನನಗಂತೂ ಧೈರ್ಯವಿಲ್ಲ.

2008ರಲ್ಲಿ ಚಾಲೆಂಜರ್ ಮರಳಿದಾಗ ಮುಖ, ಸೊಂಟದ ಗೆರೆ, ಹಿಂದಿನ ದೀಪ ಎಲ್ಲ ಹಳೆಯದರ ಪಡಿಯಚ್ಚು. ಆಮೇಲೆ ಪ್ಲಮ್ ಕ್ರೇಜಿ ನೇರಳೆ ಬಣ್ಣವೂ ಬಂತು. ಆದರೆ ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) 110 ಇಂಚಿನಿಂದ 116ಕ್ಕೆ ಬೆಳೆದಿತ್ತು. (1978ರಿಂದ 83ರವರೆಗೆ ಇದೇ ಹೆಸರಲ್ಲಿ ಮಾರಿದ ಮಿತ್ಸುಬಿಷಿ ಕಾರನ್ನು ನಾನು ಈ ವಂಶಕ್ಕೆ ಸೇರಿಸುವುದಿಲ್ಲ.)

ದೂರದ ಪ್ರಯಾಣಕ್ಕೆ ಹೊಸದೇ ಸರಿ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಹೋಗುವಾಗ ಎಂಟರಲ್ಲಿ ನಾಲ್ಕು ಸಿಲಿಂಡರ್ ತಾವೇ ವಿಶ್ರಾಂತಿ ತೆಗೆದುಕೊಳ್ಳುತ್ತವೆ, ಒಳಗೆ ಮಾತು ಸಲೀಸಾಗಿ ಕೇಳುತ್ತದೆ.

ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಲ್ಲಿ ಚಾಲೆಂಜರ್ ತಯಾರಿಕೆ 2023ರ ಡಿಸೆಂಬರಿನಲ್ಲಿ ನಿಂತಿತು. ಹಾಗಾಗಿ ನಮ್ಮ ಕಾಲದ್ದೂ ಇನ್ನು ಸೆಕೆಂಡ್‌ಹ್ಯಾಂಡೇ. ಮನೆಯಲ್ಲಿ ಒಂದೇ ಕಾರಿಗೆ ಜಾಗವಿದ್ದರೆ ಅದನ್ನೇ ಕೊಳ್ಳಿ. ಎರಡನೆಯದಕ್ಕೆ ಜಾಗವಿದ್ದು 1970ರದ್ದನ್ನು ನೋಡಲು ಹೋದರೆ, ಬಣ್ಣಕ್ಕೆ ಮರುಳಾಗುವ ಮೊದಲು ಡಿಕ್ಕಿಯ ನೆಲ, ಹಿಂದಿನ ಚಕ್ರದ ಕಮಾನುಗಳಲ್ಲಿ ತುಕ್ಕಿದೆಯೇ ಎಂದು ಬಗ್ಗಿ ನೋಡಿ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಲು ದುಡ್ಡು ಬೇರೆಯಾಗಿ ಎತ್ತಿಡಿ.