ಆರ್‌ವಿಯಲ್ಲಿ ಚಳಿಗೆ ಅಡುಗೆ ಒಲೆ ಹಚ್ಚಿ ಮಲಗಬೇಡಿ

ಚಳಿಗಾಲದಲ್ಲಿ ಆರ್‌ವಿ (ಮಲಗಲು, ಅಡುಗೆ ಮಾಡಲು ಒಳಗೇ ಜಾಗವಿರುವ ದೊಡ್ಡ ಗಾಡಿ) ತೆಗೆದುಕೊಂಡು ಕ್ಯಾಂಪಿಂಗ್‌ಗೆ ಹೊರಟವರು ದಯವಿಟ್ಟು ಇದನ್ನು ಓದಿ. ಹೋದ ವರ್ಷ ನಾನು, ಹೆಂಡತಿ, ಮಗಳು ಮೂವರೂ ಬದುಕಿ ಉಳಿದಿದ್ದೇ ಹೆಚ್ಚು.

ಹೊರಗೆ ಮೈನಸ್ 12 ಡಿಗ್ರಿ. ಪೈಪಲ್ಲಿ ನೀರು ಹೆಪ್ಪುಗಟ್ಟಿತ್ತು, ಅದು ಇರಲಿ ಬಿಡಿ. ರಾತ್ರಿ ಎರಡು ಗಂಟೆಗೆ ಹೀಟರ್ ನಿಂತುಹೋಯಿತು. ಸಿಲಿಂಡರಿನಲ್ಲಿ ಗ್ಯಾಸ್ ಇತ್ತು, ಹೋಗಿದ್ದು ಬ್ಯಾಟರಿ. ಹೀಟರ್ ಉರಿಯುವುದು ಗ್ಯಾಸಿನಿಂದಲೇ, ಆದರೆ ಬಿಸಿಗಾಳಿ ತಳ್ಳುವ ಫ್ಯಾನಿಗೆ ಕರೆಂಟ್ ಬೇಕು. ಚಳಿಗೆ ಬ್ಯಾಟರಿಯ ಕಸುವು ಮೊದಲೇ ಕುಗ್ಗಿರುತ್ತದೆ. ಸಂಜೆಯಿಂದ ತಿರುಗಿದ ಫ್ಯಾನ್ ಉಳಿದಿದ್ದನ್ನೂ ಖಾಲಿ ಮಾಡಿತ್ತು.

ನಾನು ಒಲೆಯ ಎರಡೂ ಬರ್ನರ್ ಹಚ್ಚಿದೆ. ಬಿಸಿ ಹೊರಗೆ ಹೋಗದಿರಲಿ ಅಂತ ಚಾವಣಿಯ ಗಾಳಿಕಿಂಡಿಗೆ ದಿಂಬು ತುರುಕಿದೆ. ಸ್ವಲ್ಪ ಹೊತ್ತಿಗೆ ಒಳಗೆಲ್ಲ ಹಿತವಾಯಿತು. ಕಿಟಕಿ ಗಾಜಿನ ಮೇಲೆ ನೀರು ಧಾರೆಧಾರೆಯಾಗಿ ಇಳಿಯತೊಡಗಿತು. ಗ್ಯಾಸ್ ಉರಿದರೆ ನೀರಾವಿ ಬರುತ್ತದೆ. ಆ ಆವಿಗೇ ಹೊರಹೋಗಲು ದಾರಿ ಇಲ್ಲ ಅಂದರೆ ಹೊಸ ಗಾಳಿ ಒಳಗೆ ಬರುವುದೆಲ್ಲಿಂದ, ಅಲ್ವಾ? ಆಗ ಹೊಳೆಯಲಿಲ್ಲ. ಮಲಗಿಬಿಟ್ಟೆವು.

"ಅಪ್ಪಾ, ತಲೆ ನೋಯ್ತಿದೆ, ವಾಂತಿ ಬರೋ ಹಾಗಿದೆ" ಅಂತ ಮಗಳು ಎಬ್ಬಿಸಿದಳು. ಎದ್ದರೆ ಕಾಲು ನಿಲ್ಲುತ್ತಿಲ್ಲ. ಬಾಗಿಲ ಚಿಲಕ ಕಣ್ಣೆದುರಿಗೇ ಇದೆ, ಬೆರಳಿಗೆ ಸಿಗುತ್ತಿಲ್ಲ. ಹೇಗೋ ತೆಗೆದು ಮೂವರೂ ಹಿಮದ ಮೇಲೆ ಬಿದ್ದೆವು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಗಾಳಿ ಸಾಲದೆ ಒಲೆ ಉರಿದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಸೇರಿತ್ತು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಈ ವಿಷಾನಿಲ ಸೇರಿದರೆ ಕೂಗಿ ಎಚ್ಚರಿಸುವ ಅಲಾರಂ ಗೋಡೆಯ ಮೇಲೆ ಇತ್ತು. ಅದು ಕೂಗಲೇ ಇಲ್ಲ! ಆಮೇಲೆ ಬಿಚ್ಚಿ ನೋಡಿದೆ. ಹಿಂಬದಿಯ ಮಾಸಿದ ಚೀಟಿಯಲ್ಲಿ ಬದಲಿಸಬೇಕಾದ ವರ್ಷ ಅಚ್ಚಾಗಿತ್ತು. ಅದು ದಾಟಿ ನಾಲ್ಕು ವರ್ಷ ಆಗಿತ್ತು. ಹೊರಡುವ ಮುಂಚೆ ಟೆಸ್ಟ್ ಬಟನ್ ಒತ್ತಿದ್ದೆ, ಜೋರಾಗಿಯೇ ಕೂಗಿತ್ತು. ಆ ಬಟನ್ ತೋರಿಸುವುದು ಕರೆಂಟ್ ಮತ್ತು ಸದ್ದು ಸರಿ ಇದೆ ಅಂತ ಮಾತ್ರ. ಸೆನ್ಸರ್ ಗ್ಯಾಸನ್ನು ಹಿಡಿಯುತ್ತದೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ.

ಇವತ್ತೇ ನಿಮ್ಮ ಅಲಾರಂ ತಿರುಗಿಸಿ ವರ್ಷ ನೋಡಿ. ಹೀಟರಿನ ಹೊಗೆ ಹೋಗುವ ಬಾಯಿ ಗಾಡಿಯ ಹೊರಮೈಯಲ್ಲಿರುತ್ತದೆ, ಹಿಮ ಬಿದ್ದಾಗಲೆಲ್ಲ ಅದನ್ನು ಕೆರೆದು ತೆಗೆಯಿರಿ. ಹೀಟರ್ ಕೆಟ್ಟರೆ ಇರೋ ಬಟ್ಟೆಯೆಲ್ಲ ಹಾಕಿಕೊಂಡು, ಎಲ್ಲರೂ ಒಂದೇ ಹಾಸಿಗೆಯಲ್ಲಿ ಮಲಗಿ, ಇಲ್ಲವೇ ಅಲ್ಲಿಂದ ಹೊರಟುಬಿಡಿ. ಒಲೆ ಮಾತ್ರ ಬೇಡ. ಒಳಗಿರುವ ಇಬ್ಬರಿಗೆ ಒಟ್ಟಿಗೇ ತಲೆನೋವು ಬಂದರೆ ಕಾರಣ ಹುಡುಕುತ್ತಾ ಕೂರಬೇಡಿ. ಮೊದಲು ಹೊರಗೆ ಬನ್ನಿ, ಫೋನ್ ಮಾಡುವುದು ಆಮೇಲೆ.